ಪರಾಗದ ಗಾಳಿ, ಸೀನಿನ ಋತು



ವೈದ್ಯರೊಬ್ಬರ ಉಪನ್ಯಾಸ ಎಂದಾಗ ಹೃದಯಾಘಾತ, ಕ್ಯಾನ್ಸರ್, ಮಧುಮೇಹದಂಥ ವಿಷಯಗಳನ್ನು ನಿರೀಕ್ಷಿಸುವುದು ಸಹಜ. ನಾನು ಆರಿಸಿಕೊಂಡಿರುವುದು ಮೂಗಿನ ಅಲರ್ಜಿಯನ್ನು. ಅದರಲ್ಲೂ ಪರಾಗದಿಂದ ಬರುವ, ಹೇ ಫೀವರ್ ಎಂದು ಹೆಸರಾದ ತೊಂದರೆಯನ್ನು. ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೆ ಒಂದು ಸೀನು, ನೀರಿನಂತೆ ಸುರಿಯುವ ಮೂಗು, ತಡೆಯಲಾರದ ಕಣ್ಣಿನ ತುರಿಕೆ, ರಾತ್ರಿಯಿಡೀ ಬಾಯಲ್ಲಿ ಉಸಿರಾಟ. ಇದಕ್ಕಾಗಿ ಯಾರೂ ಆಸ್ಪತ್ರೆಗೆ ದಾಖಲಾಗುವುದಿಲ್ಲವಾದ್ದರಿಂದ ಮನೆಯವರೂ ನೆರೆಯವರೂ ಇದನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ‘ಡಸ್ಟ್ ಅಲರ್ಜಿ ಅಷ್ಟೇ’ ಎಂದು ಮೆಡಿಕಲ್ ಶಾಪ್‌ನಿಂದ ಒಂದು ಮಾತ್ರೆ ತಂದು ನುಂಗಿ, ಮಂಕಾಗಿ ದಿನ ಕಳೆಯುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಇಂದಿನ ವೈದ್ಯಶಾಸ್ತ್ರ ಒಳ್ಳೆಯ ನೆಮ್ಮದಿಯನ್ನು ಕೊಡಬಲ್ಲದು, ಅದೂ ಹೆಚ್ಚು ಖರ್ಚಿಲ್ಲದೆ. ಆದರೂ ಅದು ಅವರಿಗೆ ಸಿಗುತ್ತಿಲ್ಲ. ಏಕೆ ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಈ ಕಾಯಿಲೆಯನ್ನು ಮನುಷ್ಯ ಅರ್ಥಮಾಡಿಕೊಂಡ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಳಿಕ ನಮ್ಮ ನಾಡಿನ, ವಿಶೇಷವಾಗಿ ಬೆಂಗಳೂರಿನ ಗಾಳಿಯಲ್ಲಿ ಏನಿದೆ ಎಂದು ನೋಡೋಣ. ಮೂರನೆಯ ಭಾಗ ಪರಿಹಾರದ್ದು. ಹೆಚ್ಚು ಹೊತ್ತು ಅಲ್ಲಿಯೇ ನಿಲ್ಲುತ್ತೇನೆ. ಕೊನೆಗೆ ಒಬ್ಬೊಬ್ಬರಿಂದ ಆಗದ, ಊರು ಸೇರಿ ಮಾಡಬೇಕಾದ ಕೆಲಸದ ಬಗ್ಗೆ ಎರಡು ಮಾತು.

1819ರಲ್ಲಿ ಲಂಡನ್ನಿನ ವೈದ್ಯರ ಸಂಘವೊಂದರ ಮುಂದೆ ಜಾನ್ ಬೋಸ್ಟಾಕ್ ಎಂಬ ವೈದ್ಯ ಒಂದು ಪ್ರಬಂಧ ಓದಿದ. ಪ್ರತಿ ಬೇಸಿಗೆಯಲ್ಲಿ ಕಣ್ಣು ಕೆಂಪಾಗಿ, ಸೀನು ಹತ್ತಿ, ಎದೆ ಬಿಗಿಯುವ ರೋಗಿಯೊಬ್ಬನ ವರದಿ ಅದು. ಆ ರೋಗಿ ಸ್ವತಃ ಬೋಸ್ಟಾಕ್. ರಕ್ತ ತೆಗೆಸುವುದು, ತಣ್ಣೀರು ಸ್ನಾನ, ಅಫೀಮು, ಹೀಗೆ ಆ ಕಾಲದಲ್ಲಿ ತಿಳಿದಿದ್ದ ಉಪಚಾರಗಳನ್ನೆಲ್ಲ ಆತ ತನ್ನ ಮೇಲೆ ಪ್ರಯೋಗಿಸಿಕೊಂಡಿದ್ದ. ಅನಂತರದ ಒಂಬತ್ತು ವರ್ಷಗಳಲ್ಲಿ ತನ್ನಂಥ ಇನ್ನೂ 28 ಪ್ರಕರಣಗಳನ್ನು ಕಲೆಹಾಕಿ 1828ರಲ್ಲಿ ಮತ್ತೆ ಬರೆದ. ಬೇಸಿಗೆಯ ಬಿಸಿಲೇ ಇದಕ್ಕೆ ಕಾರಣ ಎಂಬುದು ಅವನ ತೀರ್ಮಾನ.

ಅದನ್ನು ತಿದ್ದಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲಿ. ಅವನೂ ಇದೇ ಕಾಯಿಲೆಯವನು. ಬೇರೆಬೇರೆ ಹುಲ್ಲುಗಳ ಪರಾಗವನ್ನು ಕೂಡಿಟ್ಟು, ಅವನ್ನು ತನ್ನ ಮೂಗಿಗೂ ಕಣ್ಣಿಗೂ ಗೀರಿದ ಚರ್ಮಕ್ಕೂ ಹಚ್ಚಿಕೊಂಡು ಏನಾಗುತ್ತದೆಂದು ಬರೆದಿಟ್ಟ. ಅಂಟು ಸವರಿದ ಗಾಜಿನ ಪಟ್ಟಿಗಳ ಮೇಲೆ ದಿನದಿನವೂ ಬಿದ್ದ ರೇಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ. ಗಾಳಿಪಟಕ್ಕೆ ಅಂಥ ಪಟ್ಟಿ ಕಟ್ಟಿ ಎತ್ತರದ ಗಾಳಿಯನ್ನೂ ಪರೀಕ್ಷಿಸಿದ. 1873ರಲ್ಲಿ ಪ್ರಕಟವಾದ ಅವನ ಪುಸ್ತಕದಿಂದ ಪರಾಗವೇ ಕಾರಣ ಎಂಬುದು ಸ್ಥಿರವಾಯಿತು. ಇಂದು ನಾವು ಮುಂಗೈಯ ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆಯ ಮೂಲ, ಹವಾಮಾನ ಇಲಾಖೆಗಳು ನಡೆಸುವ ಪರಾಗದ ಎಣಿಕೆಯ ಮೂಲ, ಎರಡೂ ಅಲ್ಲೇ ಇವೆ.

ದೇಹದೊಳಗೆ ನಡೆಯುವುದು ತಿಳಿಯಲು ಇನ್ನೂ ಸುಮಾರು ನೂರು ವರ್ಷ ಹಿಡಿಯಿತು. ಜಪಾನಿನಿಂದ ಅಮೆರಿಕಕ್ಕೆ ಹೋಗಿದ್ದ ಇಶಿಜಾಕಾ ದಂಪತಿ 1966ರಲ್ಲಿ, ಅವರಿಂದ ಬೇರೆಯಾಗಿ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಚ್ ಅದೇ ಸುಮಾರಿನಲ್ಲಿ, ಇಮ್ಯುನೋಗ್ಲೋಬ್ಯುಲಿನ್ ಇ ಎಂಬ ಪ್ರತಿಕಾಯವನ್ನು ಗುರುತಿಸಿದರು. ಅಲರ್ಜಿಯ ಪ್ರವೃತ್ತಿಯವರಲ್ಲಿ ಈ ಪ್ರತಿಕಾಯ ಮೂಗಿನ ಒಳಪದರದ ಮಾಸ್ಟ್ ಜೀವಕೋಶಗಳ ಮೇಲೆ ಕೂತಿರುತ್ತದೆ. ತನಗೆ ಒಗ್ಗದ ಪರಾಗದ ಪ್ರೋಟೀನು ತಾಕಿದೊಡನೆ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ನಿಮಿಷಗಳಲ್ಲಿ ಸೀನು, ತುರಿಕೆ, ನೀರು.

ಚಿಕಿತ್ಸೆಯ ಮಾತು ಬಂದಾಗ ಬೇಕಾಗುವ ಎರಡು ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಸೀನು ನಿಂತ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಎರಡನೆಯ ಅಲೆಯೊಂದು ಬರುತ್ತದೆ. ಆಗ ಒಳಪದರ ಊದಿ ಮೂಗು ಕಟ್ಟುತ್ತದೆ. ಇದರಲ್ಲಿ ಹಿಸ್ಟಮಿನ್ನಿನ ಪಾತ್ರ ಕಡಿಮೆ, ಉರಿಯೂತದ್ದೇ ಹೆಚ್ಚು. ಇನ್ನೊಂದು, ದಿನಗಟ್ಟಲೆ ಪರಾಗ ತಾಕುತ್ತಾ ಹೋದ ಮೂಗು ಹೆಚ್ಚುಹೆಚ್ಚು ಸೂಕ್ಷ್ಮವಾಗುತ್ತದೆ. ಋತುವಿನ ಆರಂಭದಲ್ಲಿ ಸಹಿಸುತ್ತಿದ್ದ ಪ್ರಮಾಣದ ಒಂದು ಅಂಶವೇ ಕೊನೆಯಲ್ಲಿ ಸೀನು ತರಿಸಲು ಸಾಕು.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ನಮ್ಮ ಗಾಳಿಯಲ್ಲಿ ಏನಿದೆ?

ಫೆಬ್ರುವರಿ, ಮಾರ್ಚ್ ಬಂತೆಂದರೆ ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಟಬೆಬುಯಿಯಾ ಅರಳುತ್ತದೆ, ಹಿಂದೆಯೇ ಜಕರಂದ, ಗುಲ್‌ಮೊಹರ್. ‘ಈ ಮರಗಳು ಹೂಬಿಟ್ಟಾಗಲೇ ನನಗೆ ಶುರುವಾಗುತ್ತದೆ ಡಾಕ್ಟರೇ, ಇವನ್ನು ಕಡಿಸಬೇಕು’ ಎಂದು ಹೇಳುವವರನ್ನು ಕಂಡಿದ್ದೇನೆ. ಆ ಮರಗಳ ಮೇಲಿನ ಆರೋಪ ಬಹುಮಟ್ಟಿಗೆ ನಿಲ್ಲುವುದಿಲ್ಲ. ಬಣ್ಣವೂ ಮಕರಂದವೂ ಇರುವ ಹೂವು ಜೇನುನೊಣ, ದುಂಬಿ, ಹಕ್ಕಿಗಳನ್ನು ಕರೆಯಲೆಂದು ಅರಳಿದ್ದು. ಅದರ ಪರಾಗ ಭಾರ, ಅಂಟು, ಗಾಳಿಯಲ್ಲಿ ದೂರ ಸಾಗದು. ತೊಂದರೆ ಕೊಡುವ ಪರಾಗ ಬರುವುದು ನಾವು ಹೂವೆಂದೇ ಗುರುತಿಸದ ಹೂಗಳಿಂದ. ಗರಿಕೆಯೂ ಸೇರಿದಂತೆ ಹುಲ್ಲುಗಳು, ಸರ್ವೆ ಮರ, ಬಳ್ಳಾರಿ ಜಾಲಿ, ಹರಳು, ಮುಳ್ಳುಹರಿವೆ. ಇವುಗಳಲ್ಲಿ ಹೆಚ್ಚಿನವು ಗಾಳಿಯನ್ನೇ ನಂಬಿದ ಸಸ್ಯಗಳು, ಆದ್ದರಿಂದ ಹಗುರವಾದ ಒಣ ರೇಣುಗಳನ್ನು ಅಪಾರವಾಗಿ ತೂರುತ್ತವೆ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಸ್. ಎನ್. ಅಗಾಶೆಯವರು ಈ ನಗರದ ಗಾಳಿಯಲ್ಲಿನ ಪರಾಗವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರ ಕೆಲಸ ಸಾರ್ವಜನಿಕರಿಗೆ ತಲುಪಬೇಕಾದಷ್ಟು ತಲುಪಿಲ್ಲವೆಂಬುದು ನನ್ನ ಕೊರಗು.

ಇನ್ನು ನಮ್ಮ ನಾಡಿನ ವಿಶೇಷ ಪೀಡೆಯಾದ ಪಾರ್ಥೇನಿಯಂ. ಹಳ್ಳಿಗಳಲ್ಲಿ ಕಾಂಗ್ರೆಸ್ ಗಿಡ ಎಂದೇ ಪ್ರಸಿದ್ಧ. ಇದು ಅಮೆರಿಕ ಖಂಡದ ಉಷ್ಣ ಪ್ರದೇಶದ ಕಳೆ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದರ ಹಾವಳಿ ಗಮನಕ್ಕೆ ಬಂತು. ಆಮದು ಗೋಧಿಯ ಜೊತೆ ಬೀಜ ಬಂದಿರಬೇಕೆಂಬುದು ವ್ಯಾಪಕ ನಂಬಿಕೆ. ಖಾಲಿ ನಿವೇಶನ, ರೈಲು ಹಳಿಯ ಪಕ್ಕ, ಕೆರೆಯ ಏರಿ, ಕಟ್ಟಡದ ಕೆಲಸ ನಿಂತ ಜಾಗ, ಮಣ್ಣು ಕದಡಿದಲ್ಲೆಲ್ಲ ಇದು ಹಾಜರು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂಬಿಡುತ್ತದೆ. ಒಂದು ಗಿಡ ಹದಿನೈದು, ಇಪ್ಪತ್ತು ಸಾವಿರ ಬೀಜಗಳನ್ನು ಉದುರಿಸಬಲ್ಲದು.

ಇದು ಚರ್ಮಕ್ಕೆ ಕೆಡುಕೆಂದು ಮೊದಲೇ ತಿಳಿದಿತ್ತು. ಮೂಗಿಗೂ ಕೆಡುಕೆಂದು ತೋರಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಅವರ ಸಹೋದ್ಯೋಗಿಗಳು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದ ಮೂಗಿನ ಅಲರ್ಜಿಯ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಪ್ರತಿಕ್ರಿಯಿಸಿತು. ಅದೇ ತಂಡದ ಇನ್ನೊಂದು ಶೋಧನೆ ಇಲ್ಲಿ ಕುಳಿತಿರುವ ಅನೇಕ ತಂದೆ ತಾಯಂದಿರಿಗೆ ನೇರವಾಗಿ ಸಂಬಂಧಿಸಿದ್ದು. ಪಾರ್ಥೇನಿಯಂ ಮತ್ತು ಅಮೆರಿಕದ ರ್‍ಯಾಗ್‌ವೀಡ್ ಒಂದೇ ಕುಟುಂಬದ ಸಸ್ಯಗಳು. ಒಂದರ ಪರಾಗಕ್ಕೆ ಒಗ್ಗದ ದೇಹ ಇನ್ನೊಂದಕ್ಕೂ ಸಿಡಿಯಬಹುದು. ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗಗಳಲ್ಲಿ ರ್‍ಯಾಗ್‌ವೀಡ್ ಆಗಸ್ಟ್ ನಡುವಿನಿಂದ ಮೊದಲ ಹಿಮ ಬೀಳುವವರೆಗೆ ಪರಾಗ ಚೆಲ್ಲುತ್ತದೆ. ಬೆಂಗಳೂರಿನಲ್ಲಿ ಈ ಅಲರ್ಜಿ ಇದ್ದವರು ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಆ ತಿಂಗಳುಗಳಲ್ಲಿ ಹೋಗುವುದಾದರೆ ತಮ್ಮ ಔಷಧಿಯನ್ನು ಮರೆಯದೆ ಒಯ್ಯಬೇಕು.

ಪರಾಗದ ಜೊತೆಗೆ ಇನ್ನೊಂದನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ವರ್ಷವಿಡೀ, ಅದರಲ್ಲೂ ಬೆಳಗಿನ ಜಾವ ಸೀನುವವರಲ್ಲಿ ಹಾಸಿಗೆಯ ಧೂಳುನುಸಿಯನ್ನು ಶಂಕಿಸಬೇಕು. ಬರಿಗಣ್ಣಿಗೆ ಕಾಣದ ಈ ಜೀವಿ ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು, ತೇವದ ಗಾಳಿಯಲ್ಲಿ ವೃದ್ಧಿಯಾಗುತ್ತದೆ. ಮಲೆನಾಡು, ಕರಾವಳಿಗಳಂತೆ ಬೆಂಗಳೂರಿನ ಮಳೆಗಾಲದ ಹವೆಯೂ ಅದಕ್ಕೆ ಹಿತ. ಪರಾಗವೋ ನುಸಿಯೋ ಎಂಬುದನ್ನು ತಿಳಿಯಲು ಒಂದು ಸಾಮಾನ್ಯ ನೋಟ್‌ಬುಕ್ ಸಾಕಷ್ಟು ನೆರವಾಗುತ್ತದೆ. ಯಾವ ತಿಂಗಳು, ದಿನದ ಯಾವ ಹೊತ್ತು, ಮನೆಯ ಒಳಗೋ ಹೊರಗೋ, ಊರು ಬಿಟ್ಟಾಗ ಕಡಿಮೆಯಾಯಿತೋ ಎಂದು ಬರೆದಿಡಿ. ಎರಡು ಋತುಗಳ ಬರಹವನ್ನು ಹಿಡಿದು ಬರುವ ರೋಗಿ ವೈದ್ಯರ ಅರ್ಧ ಕೆಲಸ ಮುಗಿಸಿರುತ್ತಾರೆ. ಅಲರ್ಜಿಯೋ ನೆಗಡಿಯೋ ಎಂಬ ಸಂಶಯವೂ ಅದರಿಂದ ತೀರುತ್ತದೆ: ವೈರಸ್ಸಿನ ನೆಗಡಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ, ಮೈಕೈ ನೋವು ಇರುತ್ತದೆ, ಅಲರ್ಜಿಯಲ್ಲಿ ತುರಿಕೆ ಮುಖ್ಯ, ಜ್ವರವಿಲ್ಲ, ವಾರಗಟ್ಟಲೆ ನಡೆಯುತ್ತದೆ.

ಇಷ್ಟು ಪೀಠಿಕೆಯ ಬಳಿಕ ಪರಿಹಾರದ ಭಾಗಕ್ಕೆ ಬರೋಣ. ಇಲ್ಲಿ ಕ್ರಮ ಮುಖ್ಯ.

ಮೊದಲನೆಯದು ಅಲರ್ಜಿಯ ಮೂಲ ತಾಕದಂತೆ ನೋಡಿಕೊಳ್ಳುವುದು. ಹುಲ್ಲು, ಕಳೆ ಹೂಬಿಟ್ಟ ತಿಂಗಳುಗಳಲ್ಲಿ ಬೆಳಗಿನ ನಡಿಗೆಯ ದಾರಿಯನ್ನು ಖಾಲಿ ನಿವೇಶನಗಳ ಪಕ್ಕದಿಂದ ಬದಲಿಸಿ. ದ್ವಿಚಕ್ರ ವಾಹನದವರು ಮುಖ ಮುಚ್ಚುವ ಹೆಲ್ಮೆಟ್ ಹಾಕಿ ಗಾಜು ಇಳಿಸಿಕೊಳ್ಳಿ. ಹೊರಗಿನಿಂದ ಬಂದ ಮೇಲೆ ಮುಖ ತೊಳೆದು ಬಟ್ಟೆ ಬದಲಿಸಿ. ನುಸಿಯ ತೊಂದರೆ ಇರುವವರು ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು, ಹಾಸಿಗೆಯನ್ನು ಚೆನ್ನಾಗಿ ಬಿಸಿಲಿಗೆ ಹಾಕಬೇಕು. ಹತ್ತಿಯ ಹಾಸಿಗೆಯನ್ನು ಅಂಗಳದಲ್ಲಿ ಒಣಗಿಸುತ್ತಿದ್ದ ನಮ್ಮ ಅಜ್ಜಿಯಂದಿರ ರೂಢಿ ಈ ದೃಷ್ಟಿಯಿಂದ ಬಹಳ ಸರಿಯಾದದ್ದು. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಗರಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿಯ ಹೊಗೆ ಅಲರ್ಜಿಯ ಮೂಲವಲ್ಲದಿದ್ದರೂ ಈಗಾಗಲೇ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ.

ಎರಡನೆಯದು ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಯೋಗಾಭ್ಯಾಸಿಗಳು ಜಲನೇತಿ ಎಂದು ಮಾಡುವ ಈ ಕ್ರಿಯೆಯನ್ನು ಆಧುನಿಕ ವೈದ್ಯರೂ ಒಪ್ಪುತ್ತಾರೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಚಹಾ ಚಮಚದಲ್ಲಿ ಸುಮಾರು ಒಂದೂವರೆ. ಆದರೆ ಆ ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿಯ, ಬೋರ್‌ವೆಲ್ಲಿನ, ಕೆರೆಯ ನೀರನ್ನು ಹಾಗೆಯೇ ಮೂಗಿಗೆ ಬಿಡಬೇಡಿ. ಸಿಹಿನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮೆದುಳನ್ನು ಸೇರಿ ಪ್ರಾಣ ತೆಗೆಯಬಲ್ಲದು. 2024, 2025ರಲ್ಲಿ ಪಕ್ಕದ ಕೇರಳದಲ್ಲಿ ಮೆದುಳಿನ ಅಮೀಬಾ ಸೋಂಕಿನ ಪ್ರಕರಣಗಳು ವರದಿಯಾದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಅಪರೂಪದ ಕಾಯಿಲೆ ನಿಜ, ಆದರೆ ನೀರು ಕುದಿಸುವುದು ಕಷ್ಟದ ಕೆಲಸವೇನಲ್ಲ.

ಮೂರನೆಯದು, ಮತ್ತು ನನ್ನ ತೀರ್ಪಿನಲ್ಲಿ ಅತಿ ಮುಖ್ಯವಾದದ್ದು, ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ. ಫ್ಲುಟಿಕಾಸೋನ್, ಮೊಮೆಟಾಸೋನ್ ಮುಂತಾದವು. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಜನ ಹೆದರುತ್ತಾರೆ. ಮಾತ್ರೆ, ಚುಚ್ಚುಮದ್ದಿನ ಸ್ಟೀರಾಯ್ಡಿಗೆ ಹೆದರುವುದು ಸರಿಯೇ. ಆದರೆ ಈ ಸ್ಪ್ರೇಗಳ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ. ರಕ್ತಕ್ಕೆ ಸೇರುವ ಪಾಲು ತೀರ ಅಲ್ಪ. ನಾನು ಆಗಲೇ ಹೇಳಿದ ಎರಡನೆಯ ಅಲೆಯನ್ನು, ಅಂದರೆ ಉರಿಯೂತವನ್ನು, ತಣಿಸುವುದು ಇದೇ. ಇದು ವಿಫಲವಾಗುವುದು ಹೆಚ್ಚಾಗಿ ಬಳಸುವ ರೀತಿಯಿಂದ. ಒಂದೆರಡು ದಿನ ಹಾಕಿ ‘ಏನೂ ಆಗಲಿಲ್ಲ’ ಎಂದು ಬಿಡುತ್ತಾರೆ. ಪೂರ್ಣ ಪರಿಣಾಮಕ್ಕೆ ಎರಡು ವಾರ ಬೇಕಾಗಬಹುದು. ಆದ್ದರಿಂದ ನಿಮ್ಮ ಋತು ಗೊತ್ತಿದ್ದರೆ ಅದಕ್ಕೆ ಎರಡು ವಾರ ಮೊದಲೇ ಆರಂಭಿಸಿ, ಋತು ಮುಗಿಯುವವರೆಗೆ ದಿನವೂ ಹಾಕಿ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿದರೆ ಸ್ಪ್ರೇಯ ತುದಿ ತಾನಾಗಿ ನಡುಗೋಡೆಯಿಂದ ಹೊರಬದಿಗೆ ತಿರುಗುತ್ತದೆ. ಮೂಗಿನಲ್ಲಿ ರಕ್ತ ಒಸರುವುದು ತಪ್ಪುತ್ತದೆ. ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಸೇದಿದರೆ ಔಷಧಿ ಗಂಟಲಿಗೆ ಹೋಗುತ್ತದೆ.

ಇದನ್ನು ಇನ್ನೊಂದು ವಸ್ತುವಿನೊಡನೆ ಗೊಂದಲ ಮಾಡಿಕೊಳ್ಳಬಾರದು. ಕಟ್ಟಿದ ಮೂಗನ್ನು ಕೆಲವೇ ನಿಮಿಷಗಳಲ್ಲಿ ಬಿಡಿಸುವ ಹನಿಗಳಿವೆ, ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಅವು ರಕ್ತನಾಳಗಳನ್ನು ಕುಗ್ಗಿಸುತ್ತವೆ. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಔಷಧಿ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹನಿ, ಮತ್ತೆ ಕಟ್ಟುವಿಕೆ. ಈ ಸುಳಿಯಲ್ಲಿ ವರ್ಷಗಟ್ಟಲೆ ಸಿಲುಕಿ, ಜೇಬಿನಲ್ಲಿ ಸೀಸೆಯಿಲ್ಲದೆ ಮನೆಯಿಂದ ಹೊರಡಲಾರದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಭ್ಯಾಸವಾಗಿಬಿಡುವುದು ಈ ಹನಿ. ಜನ ಹೆದರಿ ದೂರವಿಡುವುದು ಆ ಸ್ಪ್ರೇಯನ್ನು.

ಮಾತ್ರೆಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕ್ಲೋರ್‌ಫೆನಿರಮೀನ್, ಫೆನಿರಮೀನ್‌ನಂಥ ಹಳೆಯ ಆಂಟಿಹಿಸ್ಟಮಿನ್‌ಗಳು ಮೆದುಳಿಗೆ ಇಳಿದು ಮಂಕು ಕವಿಸುತ್ತವೆ. ಬಸ್ಸು, ಲಾರಿ, ಆಟೋ ಓಡಿಸುವವರು ಇವನ್ನು ನುಂಗಿ ರಸ್ತೆಗಿಳಿಯಬಾರದು. ಫೆಕ್ಸೋಫೆನಡೀನ್, ಲೊರಾಟಡೀನ್ ತೂಕಡಿಕೆ ತರುವುದು ಕಡಿಮೆ. ಫೆಕ್ಸೋಫೆನಡೀನನ್ನು ಹಣ್ಣಿನ ರಸದ ಜೊತೆ ತೆಗೆದುಕೊಳ್ಳಬೇಡಿ, ದೇಹಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. ನಮ್ಮಲ್ಲಿ ಮಾಂಟೆಲುಕಾಸ್ಟ್ ಬೆರೆಸಿದ ಮಾತ್ರೆಗಳ ಬಳಕೆ ವಿಪರೀತ. 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಆ ಔಷಧಿಯಿಂದ ಮನಸ್ಸಿನ ಮೇಲಾಗಬಹುದಾದ ದುಷ್ಪರಿಣಾಮಗಳ ಬಗ್ಗೆ ತನ್ನ ಅತ್ಯಂತ ಗಂಭೀರ ಎಚ್ಚರಿಕೆಯನ್ನು ಕೊಟ್ಟಿದೆ. ವೈದ್ಯರು ಹೇಳದೆ ಅದನ್ನು ಅಂಗಡಿಯಲ್ಲಿ ಕೇಳಿ ಪಡೆಯಬೇಡಿ. ಕಣ್ಣಿಗೆ ಹಾಕುವ ಸ್ಟೀರಾಯ್ಡ್ ಹನಿಗಳನ್ನಂತೂ ಮುಟ್ಟಲೇಬೇಡಿ. ತುರಿಕೆ ಮಾಯವಾಗುವ ಸುಖದಲ್ಲಿ ಗ್ಲಾಕೋಮಾ, ಕಣ್ಣಿನ ಪೊರೆ ಒಳಗೊಳಗೇ ಬೆಳೆಯಬಹುದು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ, ಕಣ್ಣು ಉಜ್ಜಬೇಡಿ.

ಇಷ್ಟರಿಂದಲೂ ಹತೋಟಿಗೆ ಬರದವರಿಗೆ ಇಮ್ಯುನೋಥೆರಪಿ ಇದೆ. 1911ರಲ್ಲಿ ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಚುಚ್ಚಿ, ರೋಗಿಗಳ ದೇಹವನ್ನು ಪರಾಗಕ್ಕೆ ಒಗ್ಗಿಸಬಹುದೆಂದು ತೋರಿಸಿದ. ಮೂರರಿಂದ ಐದು ವರ್ಷಗಳ ಚಿಕಿತ್ಸೆ. ಕಾರಣ ಯಾವುದೆಂದು ಪರೀಕ್ಷೆಯಿಂದ ಖಚಿತವಾದವರಿಗೆ ಮಾತ್ರ, ತುರ್ತು ಸಿದ್ಧತೆಯಿರುವಲ್ಲಿ, ಪ್ರತಿ ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಕಾಯಿಸುವ ವೈದ್ಯರ ಬಳಿ ಮಾತ್ರ ಮಾಡಿಸಬೇಕು.

ಇಷ್ಟೆಲ್ಲ ಏಕೆ, ಸೀನೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸಿದ್ದರೆ ಎರಡು ಸಂಗತಿಗಳನ್ನು ಗಮನಿಸಿ. 2007ರಲ್ಲಿ ಇಂಗ್ಲೆಂಡಿನಲ್ಲಿ 1834 ಶಾಲಾ ವಿದ್ಯಾರ್ಥಿಗಳ ಅಧ್ಯಯನವೊಂದು ಪ್ರಕಟವಾಯಿತು. ಪೂರ್ವಸಿದ್ಧತಾ ಪರೀಕ್ಷೆಗೆ ಹೋಲಿಸಿದರೆ ಅಂತಿಮ ಪರೀಕ್ಷೆಯಲ್ಲಿ ಒಂದು ದರ್ಜೆ ಕೆಳಗಿಳಿಯುವ ಸಂಭವ ಹೇ ಫೀವರಿನ ಲಕ್ಷಣಗಳಿದ್ದವರಲ್ಲಿ ಶೇ. 40ರಷ್ಟು ಹೆಚ್ಚು, ತೂಕಡಿಕೆ ತರುವ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 70ರಷ್ಟು ಹೆಚ್ಚು ಇತ್ತು. ನಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳ ಅಧ್ಯಾಪಕರು ಇದನ್ನು ನೆನಪಿಡಬೇಕು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಲೇ ಇರುವ, ಕಣ್ಣಿನ ಕೆಳಗೆ ಕಪ್ಪಾದ, ತರಗತಿಯಲ್ಲಿ ಬಾಯಿ ತೆರೆದು ಕೂರುವ ಮಗು ಸೋಮಾರಿಯಲ್ಲ. ಅದು ರಾತ್ರಿ ನಿದ್ರೆ ಮಾಡಿಲ್ಲ.

ಎರಡನೆಯದು ಮೆಲ್ಬರ್ನ್ ನಗರದ್ದು. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗುಮಳೆ ಬಂತು. ಹುಲ್ಲಿನ ಪರಾಗ ತೇವದಲ್ಲಿ ಒಡೆದು ಶ್ವಾಸಕೋಶಕ್ಕೆ ಇಳಿಯುವಷ್ಟು ಸಣ್ಣ ಕಣಗಳಾಯಿತು. ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು, ಹತ್ತು ಮಂದಿ ತೀರಿಕೊಂಡರು. ಬಾಧಿತರಲ್ಲಿ ಬಹುಪಾಲು ಹೇ ಫೀವರ್ ಇದ್ದವರು. ಏಷ್ಯಾ ಮೂಲದವರ ಪ್ರಮಾಣ ಎದ್ದು ಕಾಣುವಷ್ಟಿತ್ತು. ಮೂಗಿಗೂ ಶ್ವಾಸಕೋಶಕ್ಕೂ ದಾರಿ ಒಂದೇ. ಮೂಗಿನ ಅಲರ್ಜಿಯವರಿಗೆ ಉಬ್ಬಸ, ಎದೆ ಬಿಗಿತ, ರಾತ್ರಿ ಕೆಮ್ಮು ಕಂಡರೆ ತಡಮಾಡದೆ ಆಸ್ತಮಾ ಪರೀಕ್ಷೆ ಮಾಡಿಸಬೇಕು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಗಾಳಿ ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಇದರ ಒಂದು ಪಾಲು ಸಾರ್ವಜನಿಕ ಕೆಲಸ. ಎರಡನೆಯ ಮಹಾಯುದ್ಧದ ಬಳಿಕ ಬೆಟ್ಟಗಳ ಮೇಲೆ ಒಂದೇ ಸಮನೆ ಸೀಡರ್ ಮರ ನೆಟ್ಟ ಜಪಾನ್ ಇಂದು ಇಡೀ ದೇಶದ ಸೀನಿಗೆ ಉತ್ತರ ಹುಡುಕುತ್ತಿದೆ. ಆ ತೋಪುಗಳನ್ನು ಹತ್ತು ವರ್ಷಗಳಲ್ಲಿ ಶೇ. 20ರಷ್ಟು ಕಡಿಮೆ ಮಾಡುವ ಯೋಜನೆಯನ್ನು ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಿತು. ಬ್ರಿಟನ್ನಿನ ಹವಾಮಾನ ಕಚೇರಿ ಋತುವಿನಲ್ಲಿ ಪರಾಗದ ಮುನ್ಸೂಚನೆ ಕೊಡುತ್ತದೆ. ನಮ್ಮ ದಿನಪತ್ರಿಕೆಗಳ ಹವಾಮಾನ ಅಂಕಣದಲ್ಲಿ ಮಳೆ, ಉಷ್ಣಾಂಶದ ಪಕ್ಕ ಪರಾಗದ ಒಂದು ಸಾಲು ಬರಬೇಕು. ಸಸ್ಯಶಾಸ್ತ್ರ ವಿಭಾಗವಿರುವ ಯಾವ ಕಾಲೇಜಾದರೂ ಮಾಳಿಗೆಯ ಮೇಲೆ ಎಣಿಕೆಯ ಸಾಧನ ಇಟ್ಟು ಇದನ್ನು ಆರಂಭಿಸಬಹುದು.

ಪಾರ್ಥೇನಿಯಂ ವಿರುದ್ಧ ಬೆಂಗಳೂರು ಸುಮ್ಮನೆ ಕೂತಿರಲಿಲ್ಲ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೆಕ್ಸಿಕೋದ ಜೀರುಂಡೆಯೊಂದನ್ನು 1983ರಲ್ಲಿ ತರಿಸಿ, ಅದು ಬೇರೆ ಬೆಳೆಗೆ ಹಾನಿ ಮಾಡದೆಂದು ಪರೀಕ್ಷಿಸಿ, 1984ರಲ್ಲಿ ಇಲ್ಲಿಯೇ ಬಿಡುಗಡೆ ಮಾಡಿದರು. ಮಳೆಗಾಲದಲ್ಲಿ ಆ ಕೀಟ ಎಲೆಗಳನ್ನು ತಿಂದು ಗಿಡಗಳನ್ನು ಬೋಳಾಗಿಸುವುದನ್ನು ನೀವೂ ನೋಡಿರಬಹುದು. ಭತ್ತದ ವಿಜ್ಞಾನಿ ಎಂ. ಮಹದೇವಪ್ಪನವರು ಈ ಕಳೆಯ ನಿಯಂತ್ರಣಕ್ಕೆಂದು ಊರೂರಿನಲ್ಲಿ ಜನರನ್ನು ಎಚ್ಚರಿಸಿದರು, ಪುಸ್ತಕ ಬರೆದರು. ಕೀಟವೊಂದೇ ಇದನ್ನು ಮುಗಿಸಲಾರದು, ಏಕೆಂದರೆ ಒಣ ತಿಂಗಳುಗಳಲ್ಲಿ ಅದು ಮಣ್ಣಿನೊಳಗೆ ನಿದ್ರಿಸುತ್ತದೆ, ಗಿಡ ನಿದ್ರಿಸುವುದಿಲ್ಲ.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಈ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಆ ವಾರ ಭಾಷಣ ಕಡಿಮೆ ಮಾಡಿ, ಸುತ್ತಲಿನ ಒಂದು ಬಡಾವಣೆಯನ್ನು ಆರಿಸಿಕೊಳ್ಳಿ. ಹೂಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಗಿಡವನ್ನು ಬೇರುಸಹಿತ ಕೀಳಿ. ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೂಬಿಟ್ಟ ಗಿಡವನ್ನು ಅಲ್ಲಾಡಿಸಬೇಡಿ. ಮೂಗಿನ ಅಲರ್ಜಿ, ಆಸ್ತಮಾ ಅಥವಾ ಚರ್ಮದ ತುರಿಕೆ ಇರುವ ಗೆಳೆಯರನ್ನು ಈ ಕೆಲಸಕ್ಕೆ ಕರೆಯಬೇಡಿ, ಅವರಿಗೆ ದಾಖಲೆ ಬರೆಯುವ ಕೆಲಸ ಕೊಡಿ. ಮುಂದಿನ ವರ್ಷ ಅದೇ ಬಡಾವಣೆಗೆ ಮತ್ತೆ ಹೋಗಿ, ಏಕೆಂದರೆ ಮಣ್ಣಿನಲ್ಲಿ ಉಳಿದ ಬೀಜ ಹಲವು ವರ್ಷ ಮೊಳೆಯುತ್ತಲೇ ಇರುತ್ತದೆ.